ವರ್ರಾಕರ ಬೀದಿಯಲ್ಲಿ ಕೇಳಿಬಂದ ಮಾತು

ಇಸ್ಲಾಮೀ ನಾಗರಿಕತೆಯ ಜ್ಞಾನಪರಂಪರೆಯನ್ನು ಸ್ಮರಿಸುವಾಗ ನಾವು ಸಾಮಾನ್ಯವಾಗಿ ಖಲೀಫರ ಹೆಸರುಗಳನ್ನೇ ಎತ್ತಿಕೊಳ್ಳುತ್ತೇವೆ. ಮಾಮೂನ್ ಮತ್ತು ಬೈತುಲ್ ಹಿಕ್ಮಾ, ಕೊರ್ದೋವಾದ ಹಕಮ್ ಮತ್ತು ಅವನ ಗ್ರಂಥಭಂಡಾರ: ನಮ್ಮ ಭಾಷಣಗಳಲ್ಲಿಯೂ ಮದ್ರಸಾದ ಪಾಠಗಳಲ್ಲಿಯೂ ಇವು ತಪ್ಪದೆ ಬರುತ್ತವೆ. ಬರಬೇಕಾದುದೇ. ಆದರೆ ಖಲೀಫರಿಂದ ಸಂಬಳ ಪಡೆಯದೆ, ಬೀದಿಯ ಬದಿಯ ಸಣ್ಣ ಅಂಗಡಿಗಳಲ್ಲಿ ಕುಳಿತು ಗ್ರಂಥಗಳನ್ನು ಬರೆದು, ಹೊಲಿದು, ಮಾರಿ ಜೀವನ ಸಾಗಿಸಿದವರ ಕುರಿತು ನಾವು ಬಹಳ ಕಡಿಮೆ ಮಾತನಾಡಿದ್ದೇವೆ. ಕ್ರಿ.ಶ. 891ರ (ಹಿಜರಿ 278) ಸುಮಾರಿಗೆ ಭೂಗೋಳ ಗ್ರಂಥವನ್ನು ರಚಿಸಿದ ಯಾಕೂಬಿಯವರು, ಬಗ್ದಾದಿನ ಒಂದೇ ಪೇಟೆಯಲ್ಲಿ ಇಂಥ ನೂರಕ್ಕೂ ಹೆಚ್ಚು ಅಂಗಡಿಗಳಿದ್ದುದನ್ನು ದಾಖಲಿಸಿದ್ದಾರೆ. ಆ ಅಂಗಡಿಯವರೂ ಗ್ರಂಥಕರ್ತರೂ ಪರಸ್ಪರ ಆಡಿದ ಕೆಲವು ಮಾತುಗಳು ಅದೃಷ್ಟವಶಾತ್ ನಮ್ಮವರೆಗೆ ತಲುಪಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಪರಿಶೀಲಿಸೋಣ.

ಆ ಅಂಗಡಿಯವನನ್ನು ಅರಬಿಯಲ್ಲಿ ವರ್ರಾಕ್ ಎನ್ನುತ್ತಾರೆ. ವರಕ್ ಎಂದರೆ ಎಲೆ ಅಥವಾ ಹಾಳೆ. ಮಿಠಾಯಿಯ ಮೇಲೆ ಅಂಟಿಸುವ ಬೆಳ್ಳಿಯ ತೆಳು ಹಾಳೆಯನ್ನು ನಮ್ಮಲ್ಲಿ ವರಕ್ ಎನ್ನುತ್ತೇವಲ್ಲ, ಅದೇ ಪದ. ಕಾಗದ ಮಾರುವುದು, ಪ್ರತಿ ಮಾಡುವುದು, ಹೊಲಿದು ರಟ್ಟು ಕಟ್ಟುವುದು, ಮಾರಾಟ ಮಾಡುವುದು ಇವೆಲ್ಲವೂ ವರ್ರಾಕನ ಕೆಲಸಗಳೇ. ಮುದ್ರಣಯಂತ್ರವಿಲ್ಲದ ಆ ಕಾಲದಲ್ಲಿ ಒಂದು ಗ್ರಂಥವು ಓದುಗನ ಕೈಸೇರಬೇಕಾದರೆ ಇವನ ಬೆರಳುಗಳ ಮೂಲಕವೇ ಸಾಗಬೇಕಿತ್ತು. ಅಂಗಡಿಯು ವ್ಯಾಪಾರಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಬಸ್ರಾದ ಮಹಾ ಲೇಖಕ ಜಾಹಿಝ್ ಅವರು ವರ್ರಾಕರ ಅಂಗಡಿಗಳನ್ನು ಬಾಡಿಗೆಗೆ ಹಿಡಿದು, ರಾತ್ರಿಯಿಡೀ ಒಳಗೆ ಕುಳಿತು ಓದುತ್ತಿದ್ದರೆಂದು ವರದಿಯಾಗಿದೆ. ಬಾಲ್ಯದಲ್ಲಿ ರೊಟ್ಟಿ ಮತ್ತು ಮೀನು ಮಾರುತ್ತಿದ್ದವರಾದ ಅವರಿಗೆ ಅಷ್ಟೊಂದು ಪುಸ್ತಕಗಳನ್ನು ಕೊಳ್ಳುವುದಕ್ಕಿಂತ ಅಂಗಡಿಯ ಒಂದು ರಾತ್ರಿಯನ್ನು ಕೊಳ್ಳುವುದೇ ಅಗ್ಗವಾಗಿ ಕಂಡಿರಬೇಕು.

ಲೇಖಕನಿಗೂ ಅಂಗಡಿಯವನಿಗೂ ಯಾವಾಗಲೂ ಹೊಂದಾಣಿಕೆಯಿತ್ತೆಂದು ಭಾವಿಸಬೇಕಾಗಿಲ್ಲ. ವ್ಯಾಕರಣ ಪಂಡಿತ ಫರ್ರಾ(ರ) ಅವರ ಪ್ರಸಂಗವನ್ನು ನೋಡಿ. ಹಿಜರಿ 207ರಲ್ಲಿ (ಕ್ರಿ.ಶ. 822) ನಿಧನರಾದ ಇವರು ಕೂಫಾದ ಭಾಷಾಪಂಥದ ಅಗ್ರಗಣ್ಯರು. ಅವರ ಸ್ನೇಹಿತರೊಬ್ಬರು ಪತ್ರ ಬರೆದು, ತಮ್ಮ ಅಮೀರರು ಕುರ್‌ಆನಿನ ಕುರಿತು ಪ್ರಶ್ನೆಗಳನ್ನು ಕೇಳುತ್ತಾರೆ, ಉತ್ತರ ಹೊಳೆಯುವುದಿಲ್ಲ, ತಮಗಾಗಿ ಏನಾದರೂ ರಚಿಸಿಕೊಡಿ ಎಂದು ಬೇಡಿಕೊಂಡರು. ಫರ್ರಾ ಅವರು ಶಿಷ್ಯರನ್ನು ಕರೆದು ಮಸೀದಿಯಲ್ಲಿ ಕುಳಿತರು. ಅಲ್ಲಿ ಅಝಾನ್ ಕೊಡುತ್ತಿದ್ದ ವ್ಯಕ್ತಿಯು ಫಾತಿಹಾದಿಂದ ಆರಂಭಿಸಿ ಓದುವುದು, ಇವರು ಒಂದೊಂದನ್ನೂ ವಿವರಿಸುವುದು, ನೆರೆದವರು ಬರೆದುಕೊಳ್ಳುವುದು, ಹೀಗೆ ‘ಮಆನಿಲ್ ಕುರ್‌ಆನ್’ ಸಿದ್ಧವಾಯಿತು. ಕೇಳಲು ಬಂದವರನ್ನು ಎಣಿಸಲಾಗಲಿಲ್ಲ, ಅವರಲ್ಲಿ ನ್ಯಾಯಾಧೀಶರೇ 80 ಮಂದಿ ಇದ್ದರೆಂದು ವರದಿಗಳು ಹೇಳುತ್ತವೆ.

ಗ್ರಂಥ ಮುಗಿದ ಮೇಲೆ ವರ್ರಾಕರು ಅದನ್ನು ಬಚ್ಚಿಟ್ಟರು. ಐದು ಹಾಳೆಗೆ ಒಂದು ದಿರ್ಹಮ್ ಕೊಡುವವರಿಗೆ ಮಾತ್ರ ಪ್ರತಿ ಮಾಡಿಕೊಡುವುದಾಗಿ ಹೇಳಿದರು. ಜನರು ಫರ್ರಾ ಅವರ ಬಳಿ ದೂರು ತಂದರು. ಅವರು ವರ್ರಾಕರನ್ನು ಕರೆಸಿದಾಗ ಅವರಿಂದ ಬಂದ ಉತ್ತರ ನೇರವಾಗಿತ್ತು: ನಿಮ್ಮ ಬಳಿ ಇಷ್ಟು ದಿನ ಕುಳಿತದ್ದೇ ಇದರಿಂದ ನಾಲ್ಕು ಕಾಸು ಕಾಣಲೆಂದು. ನಿಮ್ಮ ಬೇರೆ ಗ್ರಂಥಗಳನ್ನು ಜನರು ಇಷ್ಟು ಬಯಸುವುದಿಲ್ಲ, ಇದರಿಂದಲಾದರೂ ನಾವು ಬದುಕಿಕೊಳ್ಳುತ್ತೇವೆ. ರಾಜಿಯಾಗಿ, ನಿಮಗೂ ಲಾಭವಾಗಲಿ, ಜನರಿಗೂ ದೊರೆಯಲಿ ಎಂದು ಫರ್ರಾ ಅವರು ಹೇಳಿದರು. ಅವರು ಒಪ್ಪಲಿಲ್ಲ. ಆಗ ಫರ್ರಾ ಅವರು ಅದೇ ಗ್ರಂಥವನ್ನು ಇನ್ನಷ್ಟು ವಿಸ್ತಾರವಾಗಿ ಹೊಸದಾಗಿ ಹೇಳಿ ಬರೆಸುವುದಾಗಿ ಸಾರಿ, ಮತ್ತೆ ಮಸೀದಿಯಲ್ಲಿ ಕುಳಿತುಬಿಟ್ಟರು. ಫಾತಿಹಾದ ಆರಂಭಕ್ಕೇ ನೂರು ಹಾಳೆಗಳಾದವು. ಕೈಯಲ್ಲಿರುವ ಸರಕಿಗೆ ಬೆಲೆಯಿಲ್ಲದಂತಾಗುವುದೆಂದು ಅರಿತ ವರ್ರಾಕರು ಓಡಿಬಂದರು. ಹತ್ತು ಹಾಳೆಗೆ ಒಂದು ದಿರ್ಹಮ್ ಎಂದು ತೀರ್ಮಾನವಾಯಿತು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ವರ್ರಾಕರನ್ನು ದುರಾಶೆಯವರೆಂದು ತೀರ್ಮಾನಿಸಿ ಮುಂದೆ ಹೋಗುತ್ತಾರೆ. ನಮಗೆ ಅದು ಪೂರ್ಣ ನ್ಯಾಯವೆಂದು ತೋರುವುದಿಲ್ಲ. ಕಾಗದ, ಶಾಯಿ ಮತ್ತು ಕಣ್ಣಿನ ಬೆಳಕು ಮೂರೂ ಅವರದೇ ಆಗಿದ್ದವು. ಬಚ್ಚಿಟ್ಟದ್ದು ತಪ್ಪು, ಆದರೆ ಕೂಲಿ ಕೇಳಿದ್ದು ತಪ್ಪಲ್ಲ. ಫರ್ರಾ ಅವರ ನಡೆಯೂ ಗಮನಾರ್ಹ. ಅವರು ಖಲೀಫ ಮಾಮೂನನ ಮಕ್ಕಳಿಗೆ ಗುರುವಾಗಿದ್ದವರು, ಅರಮನೆಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಸರಕಾರದ ಕೈ ಹಿಡಿಯದೆ ತಮ್ಮ ಶ್ರಮವನ್ನೇ ಇಮ್ಮಡಿಗೊಳಿಸಿದರು. ಇಂದು ಸಣ್ಣ ಪ್ರಕಾಶಕರೊಬ್ಬರು ಸಾಲ ಮಾಡಿ ಅಚ್ಚು ಹಾಕಿಸಿದ ಪುಸ್ತಕವನ್ನು ಮರುದಿನವೇ ಪಿಡಿಎಫ್ ಮಾಡಿ, ಸದಕಃ ಜಾರಿಯಾ ಎಂಬ ಶೀರ್ಷಿಕೆಯೊಂದಿಗೆ ವಾಟ್ಸಾಪ್ ಗುಂಪುಗಳಿಗೆ ಹಂಚುವವರು ನಮ್ಮಲ್ಲಿದ್ದಾರೆ. ಅವರು ಈ ಪ್ರಸಂಗದ ಎರಡೂ ಬದಿಗಳನ್ನು ಒಮ್ಮೆ ಓದುವುದು ಒಳ್ಳೆಯದು.

ಇಂತಹ ಅಂಗಡಿಗಳ ಲೋಕದಲ್ಲೇ ಹುಟ್ಟಿ ಬೆಳೆದವರು ಮುಹಮ್ಮದ್ ಬಿನ್ ಇಸ್‌ಹಾಕ್. ಇತಿಹಾಸವು ಅವರನ್ನು ಇಬ್ನುನ್ನದೀಮ್ ಎಂದು ಗುರುತಿಸುತ್ತದೆ. ಅವರು ವರ್ರಾಕನ ಮಗ, ಸ್ವತಃ ವರ್ರಾಕ್. ಅರಬಿಯಲ್ಲಿ ಆವರೆಗೆ ರಚಿತವಾದ, ಅನುವಾದವಾದ ಗ್ರಂಥಗಳನ್ನೆಲ್ಲ ಪಟ್ಟಿ ಮಾಡಲು ಹೊರಟ ಅವರ ‘ಅಲ್ ಫಿಹ್ರಿಸ್ತ್’ ಹಿಜರಿ 377ರಲ್ಲಿ (ಕ್ರಿ.ಶ. 987) ರೂಪುಗೊಂಡಿತು. ಲಿಪಿಗಳು ಮತ್ತು ದೈವಿಕ ಗ್ರಂಥಗಳಿಂದ ಆರಂಭಿಸಿ ವ್ಯಾಕರಣ, ಕಾವ್ಯ, ಫಿಕ್ಹ್, ತತ್ವಶಾಸ್ತ್ರ, ವೈದ್ಯ, ಕತೆಗಳವರೆಗೆ ಹತ್ತು ಭಾಗಗಳು ಅದರಲ್ಲಿವೆ. ಗ್ರಾಹಕನು ಬಂದು ಇಂಥ ವಿಷಯದಲ್ಲಿ ಯಾವ ಪುಸ್ತಕಗಳಿವೆ ಎಂದು ಕೇಳಿದರೆ ಅಂಗಡಿಯವನು ಹೇಳುವ ಉತ್ತರವೇ ಬೆಳೆದು ಒಂದು ಮಹಾಗ್ರಂಥವಾದಂತಿದೆ.

ಅವರು ಪುಸ್ತಕಗಳನ್ನು ಮಾತ್ರವಲ್ಲ, ಮನುಷ್ಯರನ್ನೂ ಕೇಳಿ ಬರೆದರು. ಆ ಕಾಲದ ಪ್ರಸಿದ್ಧ ತರ್ಕಶಾಸ್ತ್ರಜ್ಞ ಯಹ್ಯಾ ಬಿನ್ ಅದೀ ಕ್ರೈಸ್ತ ಧರ್ಮೀಯ, ಫಾರಾಬಿಯವರ ಶಿಷ್ಯ. ಒಮ್ಮೆ ವರ್ರಾಕರ ಪೇಟೆಯಲ್ಲಿ, ಹೀಗೆ ಸದಾ ಪ್ರತಿ ಮಾಡುತ್ತ ಕುಳಿತಿರುತ್ತೀರಲ್ಲ ಎಂದು ಇಬ್ನುನ್ನದೀಮ್ ಅವರನ್ನು ಆಕ್ಷೇಪಿಸಿದರು. ತಾನು ಇಮಾಮ್ ತಬರೀ(ರ) ಅವರ ತಫ್ಸೀರನ್ನು ಸ್ವಹಸ್ತದಿಂದ ಎರಡು ಬಾರಿ ಪೂರ್ಣವಾಗಿ ಬರೆದು ದೂರದ ಅರಸರಿಗೆ ಒಯ್ದಿರುವುದಾಗಿಯೂ, ಮುಸ್ಲಿಮ್ ದೇವಶಾಸ್ತ್ರಜ್ಞರ ಗ್ರಂಥಗಳನ್ನು ಲೆಕ್ಕವಿಲ್ಲದಷ್ಟು ಬರೆದಿರುವುದಾಗಿಯೂ, ಹಗಲು ರಾತ್ರಿ ಸೇರಿ ಹೆಚ್ಚುಕಡಿಮೆ ನೂರು ಹಾಳೆ ಬರೆಯುವ ನಿಯಮ ತನಗಿರುವುದಾಗಿಯೂ ಅವರು ಉತ್ತರಿಸಿದರು. ಕುರ್‌ಆನಿನ ಅತ್ಯಂತ ವಿಸ್ತೃತ ವ್ಯಾಖ್ಯಾನಗಳಲ್ಲೊಂದು ಒಬ್ಬ ಕ್ರೈಸ್ತನ ಲೇಖನಿಯಿಂದ ಪ್ರತಿಯಾಗಿ ಊರಿಂದೂರಿಗೆ ಹೋದುದು ಆ ಬೀದಿಯಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಂತಿಲ್ಲ. ಇಬ್ನುನ್ನದೀಮ್ ಅವರ ಅಚ್ಚರಿಯೆಲ್ಲ ಆ ಸಹನೆಯ ಬಗ್ಗೆಯೇ.

ಅದೇ ಹಿಜರಿ 377ರಲ್ಲಿ, ಬಗ್ದಾದಿನ ಕ್ರೈಸ್ತರ ಕೇರಿಯ ಚರ್ಚಿನ ಹಿಂಭಾಗದಲ್ಲಿ, ಚೀನಾದಿಂದ ಮರಳಿದ್ದ ನಜ್ರಾನಿನ ಪಾದ್ರಿಯೊಬ್ಬರನ್ನು ಅವರು ಭೇಟಿಯಾದರು. ಕೇಳದ ಹೊರತು ಮಾತನಾಡದ ವ್ಯಕ್ತಿ ಅವರು. ಏಕೆ ಹೋದಿರಿ, ಬರಲು ಏಕೆ ಇಷ್ಟು ತಡವಾಯಿತು, ಆ ನಾಡು ಹೇಗಿದೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ನಮ್ಮ ಭಾರತದ ಧರ್ಮಗಳ ಬಗ್ಗೆಯೂ ಫಿಹ್ರಿಸ್ತಿನಲ್ಲಿ ಒಂದು ಭಾಗವಿದೆ. ಬರ್ಮಕೀ ಮಂತ್ರಿ ಯಹ್ಯಾ ಬಿನ್ ಖಾಲಿದ್ ಔಷಧಿ ಗಿಡಗಳನ್ನು ತರಲೆಂದೂ ಇಲ್ಲಿನ ಧರ್ಮಗಳನ್ನು ಬರೆದುಕೊಂಡು ಬರಲೆಂದೂ ಕಳುಹಿಸಿದ್ದ ವ್ಯಕ್ತಿಯ ವರದಿಯನ್ನು ಅವರು ಅಲ್ಲಿ ಬಳಸಿಕೊಂಡಿದ್ದಾರೆ. ಅಂಗಡಿಯವನಿಗೆ ಒಪ್ಪದ ಪುಸ್ತಕವೂ ಪುಸ್ತಕವೇ. ಇಬ್ನುನ್ನದೀಮ್ ಶಿಯಾ ಒಲವಿನವರು, ತಮ್ಮ ಅಭಿಪ್ರಾಯಗಳನ್ನು ಮರೆಮಾಚುವವರೂ ಅಲ್ಲ. ಆದರೂ ತಮಗೊಪ್ಪದವರ ಗ್ರಂಥಗಳ ಹೆಸರನ್ನು ಪಟ್ಟಿಯಿಂದ ಕೈಬಿಡಲಿಲ್ಲ. ಮಾನೀ ಪಂಥದ ಕುರಿತು ಅವರು ಬರೆದಿಟ್ಟದ್ದು ಇಂದಿಗೂ ಸಂಶೋಧಕರಿಗೆ ಒಂದು ಮುಖ್ಯ ಆಧಾರವಾಗಿದೆ.

ಆದರೆ ಅವರ ಮಾತುಕತೆಗಳಲ್ಲಿ ನಮ್ಮನ್ನು ಅತಿ ಹೆಚ್ಚು ಕಾಡುವುದು ಅಲ್-ಹದೀಥಾ ಎಂಬ ಪಟ್ಟಣದ ಒಬ್ಬ ವ್ಯಕ್ತಿಯದು. ಆತ ಅಂಗಡಿಯವನಲ್ಲ, ಸಂಗ್ರಾಹಕ. ಅಷ್ಟೊಂದು ಗ್ರಂಥಗಳನ್ನು ಬೇರೆ ಯಾರ ಬಳಿಯೂ ಕಂಡಿಲ್ಲವೆಂದು ಇಬ್ನುನ್ನದೀಮ್ ಬರೆಯುತ್ತಾರೆ. ಆ ಸೀಮೆಯಲ್ಲಿ ಪ್ರಬಲರಾಗಿದ್ದ ಹಮ್ದಾನೀ ಅಮೀರರು ಎಲ್ಲಿ ಕಸಿದುಕೊಂಡು ಹೋಗುವರೋ ಎಂಬ ಭಯದಿಂದ ಆತ ತನ್ನ ಸಂಗ್ರಹವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಇಬ್ನುನ್ನದೀಮ್ ಮತ್ತೆ ಮತ್ತೆ ಹೋದರು, ಕುಳಿತರು, ಮಾತನಾಡಿದರು. ನಿಧಾನವಾಗಿ ಸ್ನೇಹ ಬೆಳೆಯಿತು. ಕೊನೆಗೊಂದು ದಿನ ಆತ ದೊಡ್ಡದೊಂದು ಪೆಟ್ಟಿಗೆಯನ್ನು ಹೊರತೆಗೆದನು. ಅದರೊಳಗೆ ಸುಮಾರು 300 ರತ್ಲ್, ಅಂದರೆ ನಮ್ಮ ಲೆಕ್ಕದಲ್ಲಿ ನೂರು ಕಿಲೋಗಿಂತಲೂ ಹೆಚ್ಚು ತೂಕದ ಹಾಳೆಗಳಿದ್ದವು. ತೊಗಲು, ಈಜಿಪ್ಟಿನ ಪಪೈರಸ್, ಚೀನೀ ಕಾಗದ, ಖುರಾಸಾನಿನ ಕಾಗದ. ಕೂಫಾದ ಸಂಗ್ರಾಹಕರೊಬ್ಬರು ಸಾಯುವಾಗ ಸ್ನೇಹದ ಕಾರಣಕ್ಕೆ ಇದನ್ನು ಆತನಿಗೆ ಕೊಟ್ಟುಹೋಗಿದ್ದರು.

ಕಾಲವು ಆ ಹಾಳೆಗಳನ್ನು ಸವೆಸಿತ್ತು. ಪ್ರತಿಯೊಂದು ತುಣುಕಿನ ಮೇಲೂ ಇದು ಇಂಥವರ ಕೈಬರಹ ಎಂದು ವಿದ್ವಾಂಸರು ಒಬ್ಬರ ನಂತರ ಒಬ್ಬರು ಸಾಕ್ಷಿ ಬರೆದಿದ್ದರು. ಹ. ಅಲೀ(ರ)ರ ಸಂಗಡಿಗರಾದ ಖಾಲಿದ್ ಬಿನ್ ಅಬಿಲ್ ಹಯ್ಯಾಜ್ ಬರೆದ ಒಂದು ಮುಸ್ಹಫ್ ಅದರಲ್ಲಿತ್ತು. ಹ. ಹಸನ್(ರ) ಮತ್ತು ಹ. ಹುಸೈನ್(ರ)ರ ಹಸ್ತಾಕ್ಷರಗಳೆಂದು ಗುರುತಿಸಲಾಗಿದ್ದವುಗಳೂ ಇದ್ದವು. ಚೀನೀ ಕಾಗದದ ನಾಲ್ಕು ಹಾಳೆಗಳಲ್ಲಿ, ಅರಬಿ ವ್ಯಾಕರಣಕ್ಕೆ ಅಡಿಪಾಯ ಹಾಕಿದವರೆಂದು ಹೆಸರಾದ ಅಬುಲ್ ಅಸ್ವದ್ ಅವರ ಪಾಠವು ಅವರ ಶಿಷ್ಯ ಯಹ್ಯಾ ಬಿನ್ ಯಅಮರ್ ಅವರ ಕೈಬರಹದಲ್ಲಿತ್ತು. ಇಂದು ಮದ್ರಸಾದ ಮಗುವೊಂದು ಕಲಿಯುವ ಫಾಇಲ್ ಮತ್ತು ಮಫ್ಊಲ್‌ಗಳ ಚರ್ಚೆಯೇ ಆ ನಾಲ್ಕು ಹಾಳೆಗಳ ವಿಷಯ.

ಆ ವ್ಯಕ್ತಿ ತೀರಿಕೊಂಡನು. ಪೆಟ್ಟಿಗೆ ಎಲ್ಲಿ ಹೋಯಿತೆಂದು ಇಬ್ನುನ್ನದೀಮ್ ಬಹಳ ಹುಡುಕಿದರು, ಸಿಕ್ಕಸಿಕ್ಕವರನ್ನೆಲ್ಲ ವಿಚಾರಿಸಿದರು. ಆ ಮುಸ್ಹಫ್ ಒಂದನ್ನು ಬಿಟ್ಟು ಉಳಿದುದರ ಸುಳಿವೂ ಸಿಗಲಿಲ್ಲ. ಕಸಿದುಕೊಳ್ಳುವ ಅರಸರಿಂದ ಬಚ್ಚಿಟ್ಟದ್ದು ಓದುವವರಿಗೂ ಇಲ್ಲದಂತಾಯಿತು.

ನಮ್ಮ ಮನೆಗಳ ಅಟ್ಟದ ಮೇಲೂ ಇಂಥ ಪೆಟ್ಟಿಗೆಗಳಿವೆ. ಕರಾವಳಿಯ ಮನೆಗಳಲ್ಲಿ ಅರಬಿ-ಮಲಯಾಳದ ಕಿತಾಬುಗಳು, ಘಟ್ಟದ ಮೇಲಿನ ಊರುಗಳಲ್ಲಿ ಉರ್ದು ಮತ್ತು ದಖನಿಯ ಹಳೆಯ ಹೊತ್ತಗೆಗಳು, ಅಂಚಿನಲ್ಲಿ ಅಜ್ಜನೋ ಮುತ್ತಜ್ಜನೋ ಬರೆದ ಟಿಪ್ಪಣಿಗಳು. ಹಿರಿಯರು ತೀರಿಕೊಂಡ ಬಳಿಕ, ಓದಲು ಬಾರದ ಕಾರಣಕ್ಕೆ, ಇವನ್ನೂ ಹರಿದ ಮುಸ್ಹಫಿನ ಹಾಳೆಗಳೊಂದಿಗೆ ಸೇರಿಸಿ ಗೌರವದಿಂದಲೇ ಹೂಳಿಬಿಡುವವರಿದ್ದಾರೆ. ಹೂಳುವ ಮುನ್ನ ಬಲ್ಲವರೊಬ್ಬರಿಗೆ ತೋರಿಸಬಾರದೇ ಎಂದು ನಾವು ಕೇಳಬಯಸುತ್ತೇವೆ.

ಈ ವೃತ್ತಿಯಲ್ಲಿ ಕಹಿಯೂ ಇತ್ತೆಂಬುದನ್ನು ಮರೆಯಬಾರದು. ಅಬೂ ಹಯ್ಯಾನ್ ತೌಹೀದಿಯವರು ಅರಬಿ ಗದ್ಯದ ಮಹಾನ್ ಲೇಖಕರಲ್ಲೊಬ್ಬರು, ಹೊಟ್ಟೆಪಾಡಿಗಾಗಿ ವರ್ರಾಕರು. ಈ ಕಸುಬನ್ನು ಅವರು ಅಪಶಕುನದ ಕಸುಬೆಂದು ಕರೆದರು. ಜೀವನದ ಕೊನೆಯಲ್ಲಿ ತಮ್ಮ ಗ್ರಂಥಗಳನ್ನು ತಾವೇ ಸುಟ್ಟರು. ಏಕೆ ಸುಟ್ಟಿರಿ ಎಂದು ಆಕ್ಷೇಪಿಸಿದ ನ್ಯಾಯಾಧೀಶರೊಬ್ಬರಿಗೆ ಅವರು ಬರೆದ ದೀರ್ಘ ಉತ್ತರವು ಇಂದಿಗೂ ಲಭ್ಯವಿದೆ. ಅದನ್ನು ಉಳಿಸಿಕೊಟ್ಟವರು ಮತ್ತೊಬ್ಬ ಪುಸ್ತಕ ವ್ಯಾಪಾರಿ, ಯಾಕೂತ್ ಹಮವೀ.

ಯಾಕೂತ್ ಅವರ ಬದುಕೇ ಒಂದು ಗ್ರಂಥಕ್ಕೆ ಸಾಲುವಷ್ಟಿದೆ. ರೋಮನ್ ಸೀಮೆಯ ಮೂಲದ ಆ ಮಗುವನ್ನು ಬಗ್ದಾದಿನ ಒಬ್ಬ ವ್ಯಾಪಾರಿ ಗುಲಾಮನಾಗಿ ಕೊಂಡನು. ಓದುಬರಹ ಬಾರದ ಆ ವ್ಯಾಪಾರಿ ಲೆಕ್ಕಪತ್ರಕ್ಕಾಗಿ ಹುಡುಗನಿಗೆ ವಿದ್ಯೆ ಕಲಿಸಿದನು. ಹಿಜರಿ 596ರಲ್ಲಿ (ಕ್ರಿ.ಶ. 1199) ಬಿಡುಗಡೆ ಪಡೆದ ಯಾಕೂತ್ ಪ್ರತಿ ಮಾಡುವ ಕೂಲಿಯಿಂದಲೂ ಪುಸ್ತಕ ವ್ಯಾಪಾರದಿಂದಲೂ ಬದುಕಿದರು. ಊರೂರು ಸುತ್ತಿ ಖುರಾಸಾನಿನ ಮರ್ವ್ ನಗರಕ್ಕೆ ಬಂದಾಗ ಅಲ್ಲಿ ಹತ್ತು ಗ್ರಂಥಾಲಯಗಳಿದ್ದವು. ಒಂದರಲ್ಲೇ ಸುಮಾರು 12,000 ಸಂಪುಟಗಳು. 200 ಸಂಪುಟಗಳು ಸದಾ ತಮ್ಮ ಮನೆಯಲ್ಲಿರುತ್ತಿದ್ದವು, ಹೆಚ್ಚಿನವಕ್ಕೆ ಒತ್ತೆಯನ್ನೂ ಕೇಳುತ್ತಿರಲಿಲ್ಲವೆಂದು ಅವರು ಕೃತಜ್ಞತೆಯಿಂದ ಬರೆದಿದ್ದಾರೆ. ಹಿಂದೆ ಗುಲಾಮನಾಗಿದ್ದ ಪರದೇಶಿಯ ಮೇಲೆ ಆ ಊರು ಇಟ್ಟ ನಂಬಿಕೆ ಅದು.

ಅಲ್ಲಿಯೇ, ಹಿಜರಿ 615ರಲ್ಲಿ (ಕ್ರಿ.ಶ. 1218), ವಿದ್ವಾಂಸ ಸಮ್ಆನೀ ಅವರ ಸಭೆಯಲ್ಲಿ ಒಂದು ಚರ್ಚೆ ಎದ್ದಿತು. ಹದೀಸ್‌ನಲ್ಲಿ ಉಲ್ಲೇಖವಾಗಿರುವ, ಅಜ್ಞಾನಕಾಲದ ಒಂದು ಸಂತೆಯ ಹೆಸರನ್ನು ಹೇಗೆ ಉಚ್ಚರಿಸಬೇಕು? ಯಾಕೂತ್ ‘ಹುಬಾಶಾ’ ಎಂದರು. ಹದೀಸ್ ವಿದ್ವಾಂಸರೊಬ್ಬರು ‘ಹಬಾಶಾ’ ಎಂದು ಪಟ್ಟುಹಿಡಿದರು. ಅಷ್ಟೊಂದು ಪುಸ್ತಕಗಳ ನಡುವೆ ಹುಡುಕಿದರೂ ಆಧಾರ ಸಿಗಲಿಲ್ಲ. ಬೇಸತ್ತು ಬಿಟ್ಟ ಮೇಲೆ ಸಿಕ್ಕಿತು, ಯಾಕೂತ್ ಹೇಳಿದ್ದೇ ಸರಿಯಾಗಿತ್ತು. ಆದರೆ ಸ್ಥಳನಾಮಗಳಿಗೆ ನಂಬಬಹುದಾದ ಒಂದು ಕೋಶವಿರಬೇಕೆಂಬ ಯೋಚನೆ ಅವರನ್ನು ಬಿಡಲಿಲ್ಲ. ‘ಮುಅಜಮುಲ್ ಬುಲ್ದಾನ್’ ಹುಟ್ಟಿದ್ದು ಒಂದು ಅಕ್ಷರದ ಮೇಲಿನ ಸ್ವರಚಿಹ್ನೆಯ ಜಗಳದಿಂದ.

ಮೊಂಗೋಲರ ಸುದ್ದಿ ಕೇಳಿ ಯಾಕೂತ್ ಮರ್ವ್ ಬಿಟ್ಟು ಓಡಿದರು. 1221ರಲ್ಲಿ ಆ ನಗರವೂ ಅದರ ಹತ್ತು ಗ್ರಂಥಾಲಯಗಳೂ ನಾಶವಾದವು. ಅವರು ಅಲ್ಲಿ ಟಿಪ್ಪಣಿ ಮಾಡಿಕೊಂಡದ್ದು ಮಾತ್ರ ಅವರೊಂದಿಗೆ ಮೋಸುಲ್‌ಗೂ ಅಲೆಪ್ಪೋಗೂ ಬಂದಿತು.

ಇಬ್ನುನ್ನದೀಮ್ ಪಟ್ಟಿ ಮಾಡಿದ ಗ್ರಂಥಗಳಲ್ಲಿ ಬಹುಪಾಲು ಇಂದು ಎಲ್ಲಿಯೂ ಇಲ್ಲ. ಎಷ್ಟೋ ಗ್ರಂಥಗಳು ಒಂದು ಕಾಲದಲ್ಲಿ ಇದ್ದವೆಂಬುದೇ ನಮಗೆ ತಿಳಿದಿರುವುದು ಆ ಅಂಗಡಿಯವನ ಪಟ್ಟಿಯಿಂದ. ಅವರ ಸ್ವಂತ ಪ್ರತಿಯನ್ನು ನೋಡಿ ಬರೆದ ಹಳೆಯ ಹಸ್ತಪ್ರತಿಯೊಂದು ಎರಡು ತುಂಡಾಗಿ ಉಳಿದಿದೆ. ಒಂದು ಭಾಗ ಡಬ್ಲಿನ್‌ನಲ್ಲಿ, ಮತ್ತೊಂದು ಇಸ್ತಾಂಬುಲ್‌ನಲ್ಲಿ. ಅದರಲ್ಲಿ ಅಲ್ಲಲ್ಲಿ ಲೇಖಕರ ಹೆಸರಿನ ಮುಂದೆ, ನಿಧನದ ವರ್ಷದ ಮುಂದೆ, ಗ್ರಂಥಗಳ ಸಾಲಿನ ಕೊನೆಯಲ್ಲಿ ಖಾಲಿ ಜಾಗಗಳಿವೆ. ಇನ್ನೂ ತಿಳಿಯಬೇಕಾದುದಕ್ಕೆಂದು ಇಬ್ನುನ್ನದೀಮ್ ಬಿಟ್ಟಿದ್ದ ಜಾಗ ಅದು. ಪ್ರತಿ ಮಾಡಿದಾತನು ಅವುಗಳನ್ನು ಮುಚ್ಚದೆ, ಬಿಟ್ಟಷ್ಟೇ ಬಿಟ್ಟು, ಹಾಗೆಯೇ ನಕಲು ಮಾಡಿದ್ದಾನೆ.