ಅಹಿಂಸಾಧರ್ಮವೂ ಯೋಧಸ್ಮರಣೆಯೂ: ಬೆಂಗಳೂರು ದಂಡಿನ ಸ್ಮಾರಕಗಳ ಹಿನ್ನೆಲೆಯಲ್ಲಿ

ಯುದ್ಧವನ್ನು ಒಪ್ಪದವನು ಯುದ್ಧದಲ್ಲಿ ಮಡಿದವನಿಗೆ ಗೌರವ ಸಲ್ಲಿಸಬಹುದೆ? ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜಕ್ಕೆ ಈ ಪ್ರಶ್ನೆ ಹೊಸದಲ್ಲ. ಹಿಂಸೆಯನ್ನು ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು ಈ ಮೂರೂ ಬಂಧಕ್ಕೆ ಕಾರಣವೆಂದು ಜೈನಾಚಾರ್ಯರು ಹೇಳಿದ್ದಾರೆ. ಆದುದರಿಂದ ಯೋಧನ ಸ್ಮಾರಕಕ್ಕೆ ತಲೆಬಾಗಿದರೆ ಅದು ಅನುಮೋದನೆಯಾಗುವುದೋ ಎಂಬ ಶಂಕೆ ಶ್ರಾವಕನ ಮನಸ್ಸಿನಲ್ಲಿ ಮೂಡುವುದು ಸಹಜ. ಆದರೆ ಸತ್ತವನನ್ನು ನೆನೆಯುವುದು ಬೇರೆ, ಅವನು ಸತ್ತ ಯುದ್ಧವನ್ನು ಮೆಚ್ಚುವುದು ಬೇರೆ. ಈ ಭೇದವನ್ನು ಅರಿಯಲು ಬೆಂಗಳೂರಿನ ಇತಿಹಾಸಕ್ಕಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ.

ಈ ನಗರದ ಹೆಸರೇ ಒಬ್ಬ ಮಡಿದ ಯೋಧನ ಕಲ್ಲಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನವು ಬೆಂಗಳೂರಿನಲ್ಲಿ ನಡೆದ ಕಾಳಗವನ್ನೂ ಅದರಲ್ಲಿ ನಾಗತ್ತರನ ಕಡೆಯ ಬುಟ್ಟಣಶೆಟ್ಟಿ ಸತ್ತುದನ್ನೂ ಹೇಳುತ್ತದೆ. ಅದೇ ಊರಿನ ಮತ್ತೊಂದು ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೇನೆಯೊಡನೆ ಹೋರಾಡಿ ಮಡಿದ ಸಂಗತಿಯನ್ನು ಅದು ಸಾರುತ್ತದೆ. ಆ ಕಾಳಗಗಳಲ್ಲಿ ಯಾರ ಪಕ್ಷ ನ್ಯಾಯವಾದುದೆಂದು ಇಂದು ಯಾರೂ ವಾದಿಸುವುದಿಲ್ಲ. ರಾಜ್ಯಗಳು ಹೋದವು, ಗಡಿಗಳು ಅಳಿದವು. ಉಳಿದುದು ಸತ್ತವನ ಹೆಸರು.

ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಈ ವಿವೇಕವನ್ನು ತೋರಿದ ಪ್ರಸಂಗವೂ ಇಲ್ಲಿಯೇ ಉಂಟು. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೇನೆ ಬೆಂಗಳೂರನ್ನು ಮುತ್ತಿತು. ಮಾರ್ಚ್ 7ರಂದು ಪೇಟೆ ಅವನ ವಶವಾಯಿತು. ಪೇಟೆಯ ಬಾಗಿಲಿನಲ್ಲಿ ಕರ್ನಲ್ ಮೂರ್‌ಹೌಸ್ ಎಂಬ ಅಧಿಕಾರಿ ಹತನಾದನು. ಮಾರ್ಚ್ 21ರ ರಾತ್ರಿ ಕೋಟೆಯೂ ಬಿದ್ದಿತು. ಟಿಪ್ಪುವಿನ ಕಿಲ್ಲೇದಾರನಾದ ವೃದ್ಧ ಬಹಾದೂರ್ ಖಾನನು ಕೋಟೆಯನ್ನು ಬಿಟ್ಟು ಓಡದೆ ಹೋರಾಡುತ್ತ ಮಡಿದನು. ಗೆದ್ದ ಕಾರ್ನ್‌ವಾಲಿಸನು ಆತನ ದೇಹವನ್ನು ಗೌರವದಿಂದ ಒಪ್ಪಿಸಲು ಸಿದ್ಧನೆಂದು ಟಿಪ್ಪುವಿಗೆ ಹೇಳಿ ಕಳುಹಿಸಿದನು. ಬಿದ್ದಲ್ಲಿಯೇ ಮುಸಲ್ಮಾನ ವಿಧಿಯಂತೆ ಸಮಾಧಿ ಮಾಡಲು ಅಡ್ಡಿಯಿಲ್ಲವೆಂದು ಟಿಪ್ಪು ಉತ್ತರವಿತ್ತನು. ಅತ್ತ ಯುದ್ಧ ನಿಲ್ಲಲಿಲ್ಲ, ಇತ್ತ ಹಗೆಯೂ ಕರಗಲಿಲ್ಲ. ಆದರೂ ಒಂದು ಶವದ ಮುಂದೆ ಇಬ್ಬರು ವೈರಿಗಳು ಕ್ಷಣಕಾಲ ಮನುಷ್ಯರಾಗಿ ನಿಂತರು.

ಶ್ರೀರಂಗಪಟ್ಟಣದ ಪತನದ ಬಳಿಕ ಅಲ್ಲಿನ ಬ್ರಿಟಿಷ್ ಸೇನೆ ಜ್ವರಬಾಧೆಯಿಂದ ಪಾರಾಗಲು ಬೆಂಗಳೂರಿಗೆ ಬಂದಿತು. 1809ರಲ್ಲಿ ಹಲಸೂರಿನ ಬಯಲಿನಲ್ಲಿ ದಂಡು ಪ್ರದೇಶ ರೂಪುಗೊಂಡಿತು. ಇಂದಿನ ಶಿವಾಜಿನಗರ, ಹಲಸೂರು ಮೊದಲಾದ ಬಡಾವಣೆಗಳ ಜನಜೀವನ ಈ ದಂಡಿನ ಸುತ್ತ ಬೆಳೆಯಿತು. 1780ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಹುಟ್ಟಿದ ಪಯನಿಯರ್ ತುಕಡಿಗಳಿಂದ ಬೆಳೆದುಬಂದ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಹಲಸೂರು ಕೆರೆಯ ಆಸುಪಾಸಿನಲ್ಲಿದೆ. ದಾರಿ ಮಾಡುವುದು, ಸೇತುವೆ ಕಟ್ಟುವುದು, ಹೂತಿಟ್ಟ ನೆಲಬಾಂಬುಗಳನ್ನು ತೆಗೆಯುವುದು ಈ ಪಡೆಯ ಮುಖ್ಯ ಕಾಯಕ. ಬ್ರಿಗೇಡ್ ರಸ್ತೆಯು ರೆಸಿಡೆನ್ಸಿ ರಸ್ತೆಯನ್ನು ಕೂಡುವಲ್ಲಿ ನಿಂತಿರುವ ಕಲ್ಲಿನ ಸ್ಮಾರಕ ಮದ್ರಾಸ್ ಪಯನಿಯರ್ ಯೋಧರದು. ನಿತ್ಯವೂ ಸಾವಿರಾರು ಮಂದಿ ಅದರ ಬದಿಯಲ್ಲಿ ಹಾದುಹೋಗುತ್ತಾರೆ. ನಿಂತು ಓದುವವರು ವಿರಳ.

ಆ ಯೋಧರು ಯಾರಿಗಾಗಿ ಸತ್ತರು? ಈ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 13 ಲಕ್ಷ ಭಾರತೀಯರು ಸೇವೆ ಸಲ್ಲಿಸಿದರು. 74,000ದಷ್ಟು ಮಂದಿ ಮರಳಲಿಲ್ಲ. 61ನೆಯ ಪಯನಿಯರ್ ದಳವನ್ನು 1914ರಲ್ಲಿ ಪೂರ್ವ ಆಫ್ರಿಕಾದ ಟಾಂಗಾಕ್ಕೆ ಕಳುಹಿಸಲಾಯಿತು. ಅಲ್ಲಿನ ಜನರೊಡನೆ ಈ ನಾಡಿನವರಿಗೆ ಯಾವ ವೈರವಿತ್ತು? ಯುದ್ಧವನ್ನು ನಿಶ್ಚಯಿಸಿದವರು ಬೇರೆ, ಸಂಬಳಕ್ಕಾಗಿಯೋ ಮನೆತನದ ರೂಢಿಯಿಂದಲೋ ಸೇರಿದವರು ಬೇರೆ. ಅಹಿಂಸೆಗೆ ಲೋಕಗುರುವೆನಿಸಿದ ಗಾಂಧೀಜಿಯವರೇ 1918ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಸೇನಾಭರ್ತಿಗಾಗಿ ತಿರುಗಿದ್ದರು. ಅಂತಹವರಿಗೂ ತೊಡಕಾಗಿದ್ದ ಧರ್ಮಸಂಕಟವನ್ನು ಬಡ ಸಿಪಾಯಿಯೊಬ್ಬ ಬಿಡಿಸಬೇಕಿತ್ತೆಂದು ಹೇಳುವುದು ನ್ಯಾಯವಲ್ಲ.

ಮೈಸೂರು ಸಂಸ್ಥಾನದ ಅಶ್ವದಳದ ಕಥೆಯೂ ಅಂತಹುದೇ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು ಈಟಿ, ಕತ್ತಿಗಳನ್ನು ಹಿಡಿದು ಮೆಷಿನ್ ಗನ್ನುಗಳಿಗೆ ಎದುರಾಗಿ ಹೈಫಾ ನಗರವನ್ನು ಗೆದ್ದರು. ಆ ದಿನ 8 ಮಂದಿ ಸತ್ತು 34 ಮಂದಿ ಗಾಯಗೊಂಡರು. 60 ಕುದುರೆಗಳು ಸತ್ತು 83 ಕುದುರೆಗಳು ಗಾಯಗೊಂಡವು. ಮೈಸೂರು ದಳದ ಸ್ಮಾರಕಸ್ತಂಭ ಜೆ.ಸಿ. ನಗರದಲ್ಲಿದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಮನುಷ್ಯರ ಲೆಕ್ಕದೊಡನೆ ಕುದುರೆಗಳ ಲೆಕ್ಕವೂ ಉಳಿದುಬಂದಿರುವುದನ್ನು ಜೀವದಯೆಯನ್ನು ಬಲ್ಲವರು ಗಮನಿಸದೆ ಇರಲಾರರು. ಯಾವ ಪಕ್ಷವನ್ನೂ ಆರಿಸಿಕೊಳ್ಳದ ಆ ಮೂಕಪ್ರಾಣಿಗಳ ಸಾವು ಯುದ್ಧದ ಮೇಲೆ ಮಾತಿಲ್ಲದ ಟೀಕೆಯಾಗಿದೆ.

ಯೋಧನ ಪ್ರತಿಯೊಂದು ಸಾವೂ ಕೊಲ್ಲುವಾಗ ಬಂದುದಲ್ಲ. ಮದ್ರಾಸ್ ಸ್ಯಾಪರ್ಸ್ ಪಡೆಯ ಸುಬೇದಾರ್ ಸುಬ್ರಮಣಿಯನ್ ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿದ್ದರು. 1944ರ ಫೆಬ್ರವರಿ 24ರಂದು ಮಿನ್ಯಾನೋ ಎಂಬಲ್ಲಿ ನೆಲಬಾಂಬೊಂದು ಸಿಡಿಯಲಿರುವುದನ್ನು ಕಂಡು, ಸಂಗಡಿಗರನ್ನು ಉಳಿಸಲು ಅದರ ಮೇಲೆ ತಾವೇ ಬಿದ್ದು ಪ್ರಾಣ ಬಿಟ್ಟರು. ಮರಣೋತ್ತರವಾಗಿ ಅವರಿಗೆ ಜಾರ್ಜ್ ಕ್ರಾಸ್ ಪದಕ ದೊರೆಯಿತು. ಸಾಮ್ರಾಜ್ಯದ ಯುದ್ಧವನ್ನು ಒಪ್ಪದವನೂ ಈ ಸಾವಿನ ಮುಂದೆ ತಲೆಬಾಗದಿರಲು ಸಾಧ್ಯವೆ?

ಆದರೆ ಎಲ್ಲ ಸ್ಮಾರಕಗಳಿಗೂ ಈ ಸಹನೆ ದೊರೆಯಲಿಲ್ಲ. 1791ರ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಪಕ್ಷದವರ ನೆನಪಿಗೆ ಹಡ್ಸನ್ ವೃತ್ತದ ಬಳಿ ಸೆನೊಟಾಫ್ ಎಂಬ ಸ್ತಂಭವಿತ್ತು. ಇಂದಿನ ನೃಪತುಂಗ ರಸ್ತೆಗೆ ಆಗ ಅದರದೇ ಹೆಸರಿತ್ತು. ವಾಟಾಳ್ ನಾಗರಾಜ್ ಮೊದಲಾದ ಕನ್ನಡ ಚಳವಳಿಗಾರರ ಒತ್ತಾಯದ ಫಲವಾಗಿ 1964ರ ಅಕ್ಟೋಬರ್ 28ರಂದು ಅದನ್ನು ಕೆಡವಲಾಯಿತು. ಕೆಡವಬೇಕೆಂದವರ ನೋವು ಸುಳ್ಳಾಗಿರಲಿಲ್ಲ. ಊರನ್ನು ಗೆದ್ದವರಿಗೆ ನಡುಬೀದಿಯಲ್ಲಿ ಸ್ತಂಭವಿದ್ದು, ಊರನ್ನು ಕಾಯುತ್ತ ಸತ್ತವರಿಗೆ ಅಂತಹ ಕಲ್ಲಿಲ್ಲದಿದ್ದರೆ ಅದು ಸ್ಮರಣೆಗಿಂತ ವಿಜಯಘೋಷವಾಗಿಯೇ ಕಾಣುತ್ತದೆ. ಆದರೆ ಆ ಕೊರತೆಗೆ ಕೆಡಹುವುದೊಂದೇ ಪರಿಹಾರವಾಗಿತ್ತೆ? ಕಂಪನಿಯ ಸೇನೆಯಲ್ಲಿ ಸತ್ತವರಲ್ಲಿ ಈ ದೇಶದ ಸಿಪಾಯಿಗಳೂ ಇದ್ದರು. ಪಕ್ಕದಲ್ಲಿ ಬಹಾದೂರ್ ಖಾನನಿಗೂ ಅವನೊಡನೆ ಬಿದ್ದವರಿಗೂ ಒಂದು ಕಲ್ಲನ್ನು ನಿಲ್ಲಿಸಿದ್ದರೆ, ಗೆದ್ದವರ ಸ್ತಂಭವೇ ಎರಡೂ ಪಕ್ಷಗಳ ಶೋಕಸ್ತಂಭವಾಗುತ್ತಿತ್ತು. ಅಳಿಸುವುದರಿಂದ ಇತಿಹಾಸದ ಅನ್ಯಾಯ ಸರಿಯಾಗುವುದಿಲ್ಲ. ಬಿಟ್ಟುಹೋದ ಹೆಸರನ್ನು ಸೇರಿಸುವುದರಿಂದ ಅದು ಸ್ವಲ್ಪ ಮಟ್ಟಿಗೆ ಸರಿಯಾಗುತ್ತದೆ.

ಜೈನ ಪರಂಪರೆ ಈ ವಿಷಯದಲ್ಲಿ ಏನು ಹೇಳುತ್ತದೆ? ವೀರಮರಣ ಹೊಂದಿದವನನ್ನು ದೇವಕನ್ಯೆಯರು ಸ್ವರ್ಗಕ್ಕೆ ಒಯ್ಯುವ ದೃಶ್ಯ ವೀರಗಲ್ಲುಗಳಲ್ಲಿ ಸಾಮಾನ್ಯ. ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಗೌತಮ ಗಣಧರರು ಈ ನಂಬಿಕೆಯ ಬಗೆಗೇ ಪ್ರಶ್ನಿಸುತ್ತಾರೆ. ರಣದಲ್ಲಿ ಸತ್ತವರೆಲ್ಲ ಸ್ವರ್ಗಕ್ಕೆ ಹೋಗುವರೆಂಬ ಮಾತು ಸತ್ಯವಲ್ಲವೆಂದು ಭಗವಾನ್ ಮಹಾವೀರರು ಉತ್ತರಿಸುತ್ತಾರೆ. ಅಲ್ಲಿಯೇ ವರುಣನೆಂಬ ಶ್ರಾವಕನ ಕಥೆ ಬರುತ್ತದೆ. ರಾಜಾಜ್ಞೆಯಿಂದ ಯುದ್ಧಕ್ಕೆ ಹೋದ ಆತನು ತನ್ನನ್ನು ಮೊದಲು ಹೊಡೆದವನನ್ನಲ್ಲದೆ ಬೇರೆಯವರನ್ನು ಹೊಡೆಯೆನೆಂದು ನಿಯಮ ತೊಟ್ಟನು. ಮಾರಣಾಂತಿಕ ಪೆಟ್ಟು ತಿಂದ ಬಳಿಕ ರಣವನ್ನು ತೊರೆದು, ಹಿಂಸೆಯನ್ನು ತ್ಯಜಿಸಿ, ಸಮಾಧಿಭಾವದಿಂದ ದೇಹ ಬಿಟ್ಟನು. ಆತನಿಗೆ ಸದ್ಗತಿ ದೊರೆತುದು ಶಸ್ತ್ರದಿಂದಲ್ಲ, ಅಂತ್ಯಕಾಲದ ಭಾವಶುದ್ಧಿಯಿಂದ. ಯುದ್ಧಕ್ಕೆ ಮಹಿಮೆಯನ್ನು ಕೊಡದೆ ಯೋಧನಿಗೆ ಕರುಣೆಯನ್ನು ಕೊಡುವ ಮಾರ್ಗ ಇದು.

ಕನ್ನಡ ನಾಡಿನ ಜೈನರೂ ಈ ಮಾರ್ಗವನ್ನು ಬಲ್ಲವರೇ. ಸೇನೆಗಳು ಸಾಯುವುದು ಬೇಡವೆಂದು ಭರತ, ಬಾಹುಬಲಿಗಳು ತಾವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ನಡೆಸಿದ ಕಥೆ ಮನೆಮನೆಗೂ ತಿಳಿದುದು. ಗೆದ್ದೂ ತೊರೆದ ಆ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಅನೇಕ ಯುದ್ಧಗಳನ್ನು ಕಂಡ ದಂಡನಾಯಕ. ಅದೇ ಶ್ರವಣಬೆಳಗೊಳದಲ್ಲಿ ನಿಸಿಧಿಗಲ್ಲುಗಳೊಡನೆ ವೀರಗಲ್ಲುಗಳೂ ಇವೆ. ಪತಿಯೊಡನೆ ರಣಕ್ಕೆ ಹೋಗಿ ಮಡಿದ ಶ್ರಾವಕಿ ಸಾವಿಯಬ್ಬೆಯ ಹತ್ತನೆಯ ಶತಮಾನದ ಕಲ್ಲು ಅವುಗಳಲ್ಲೊಂದು. ಸಲ್ಲೇಖನವನ್ನು ಅತ್ಯುತ್ತಮ ಮರಣವೆಂದು ನಂಬಿದ ಕ್ಷೇತ್ರ ಯುದ್ಧದಲ್ಲಿ ಬಿದ್ದವಳನ್ನು ಹೊರಗೆ ಹಾಕಲಿಲ್ಲ. ಎರಡೂ ಸಾವುಗಳು ಸಮಾನವೆಂದೂ ಅದು ಹೇಳಲಿಲ್ಲ.

ಆದುದರಿಂದ ಇಂದಿನವರ ಕರ್ತವ್ಯ ಸ್ಪಷ್ಟವಾಗಿದೆ. ಎಷ್ಟೋ ದೇವಾಲಯ, ಬಸದಿಗಳ ಆವರಣದಲ್ಲಿ ವೀರಗಲ್ಲುಗಳು ಹುದುಗಿವೆ. ಕೆಲವು ಮೆಟ್ಟಿಲಾಗಿವೆ, ಕೆಲವು ಸುಣ್ಣ, ಬಣ್ಣಗಳಲ್ಲಿ ಮರೆಯಾಗಿವೆ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ದೊರೆತ ಕಿತ್ತಯ್ಯನ ಶಾಸನವೂ ಸುಮಾರು ಕ್ರಿ.ಶ. 750ರಲ್ಲಿ ಹೋರಾಡಿ ಮಡಿದವನೊಬ್ಬನ ಕಲ್ಲು. ಆಡಳಿತ ಮಂಡಳಿಗಳು ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ತಮ್ಮ ಆವರಣದ ಕಲ್ಲುಗಳನ್ನು ಬಲ್ಲವರಿಂದ ಓದಿಸಿ, ನೆರಳಿನಲ್ಲಿ ನಿಲ್ಲಿಸಿ, ಸತ್ತವನ ಹೆಸರನ್ನು ಸರಳ ಕನ್ನಡದಲ್ಲಿ ಬರೆಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಪಾಠಶಾಲೆಯ ಮಕ್ಕಳನ್ನು ಬೇಗೂರಿಗೂ ಬ್ರಿಗೇಡ್ ರಸ್ತೆಯ ಸ್ಮಾರಕಕ್ಕೂ ಕರೆದೊಯ್ದು, ಯುದ್ಧವೇಕೆ ಬೇಡವೆಂಬುದನ್ನು ಅಲ್ಲಿಯೇ ನಿಂತು ಹೇಳಬಹುದು. ಸತ್ತವರ ಹೆಸರನ್ನು ಓದಿದ ಮಗುವಿಗೆ ಅಹಿಂಸೆಯ ಪಾಠ ಬೇಗ ಹತ್ತುತ್ತದೆ.

ಸಕಲ ಜೀವಿಗಳಿಂದ ಕ್ಷಮೆ ಬೇಡುವ, ಸಕಲ ಜೀವಿಗಳಿಗೆ ಕ್ಷಮೆ ನೀಡುವ ಧರ್ಮದಲ್ಲಿ ಯೋಧನಿಗೆ ಸ್ಥಳವಿಲ್ಲವೆಂದರೆ ಆ ಕ್ಷಮೆ ಅಪೂರ್ಣವಾಗುತ್ತದೆ. ಯುದ್ಧಕ್ಕೆ ಅನುಮೋದನೆ ಬೇಡ. ಮಡಿದವನಿಗೆ ಮರೆವೂ ಬೇಡ.