ಫೋರ್ಟ್ ಕೊಚ್ಚಿಯ ಪಾರಂಪರಿಕ ನಡಿಗೆ

ಫೋರ್ಟ್ ಕೊಚ್ಚಿಯ ಪಾರಂಪರಿಕ ನಡಿಗೆಯು ಕೇರಳ ರಾಜ್ಯದ ಎರ್ನಾಕುಲಂ ಜಿಲ್ಲೆಯಲ್ಲಿರುವ ಕೊಚ್ಚಿ ನಗರದ ಹಳೆಯ ಬಂದರು ಪ್ರದೇಶವನ್ನು ಮಾರ್ಗದರ್ಶಕರೊಂದಿಗೆ ಕಾಲ್ನಡಿಗೆಯಲ್ಲಿ ಸುತ್ತಿ ನೋಡುವ ಕ್ರಮವಾಗಿದೆ. ಪೋರ್ಚುಗೀಸ್, ಡಚ್ ಮತ್ತು ಬ್ರಿಟಿಷ್ ಆಳ್ವಿಕೆಯ ಕುರುಹುಗಳು ಇಲ್ಲಿ ಒಂದಕ್ಕೊಂದು ಸಮೀಪದಲ್ಲಿವೆ. ಹೊಸದಾಗಿ ಬಂದ ಆಡಳಿತವು ಹಿಂದಿನವರ ಕಟ್ಟಡಗಳಲ್ಲಿ ಕೆಲವನ್ನು ಕೆಡವಿ, ಕೆಲವನ್ನು ತನ್ನ ಬಳಕೆಗೆ ಮಾರ್ಪಡಿಸಿಕೊಂಡಿತು. ಆದುದರಿಂದ ಒಂದೇ ಕಟ್ಟಡದಲ್ಲಿ ಎರಡು ಮೂರು ಕಾಲಘಟ್ಟಗಳ ಗುರುತುಗಳು ಕಾಣಸಿಗುತ್ತವೆ.

ಇತಿಹಾಸ

1341ರಲ್ಲಿ ಪೆರಿಯಾರ್ ನದಿಯಲ್ಲಿ ಉಂಟಾದ ಮಹಾಪ್ರವಾಹದಿಂದ ಪ್ರಾಚೀನ ಮುಜಿರಿಸ್ ಬಂದರು ಹೂಳು ತುಂಬಿ ಹಾಳಾಯಿತೆಂದೂ, ಕೊಚ್ಚಿಯ ಬಳಿ ಸ್ವಾಭಾವಿಕ ಬಂದರು ರೂಪುಗೊಂಡಿತೆಂದೂ ನಂಬಲಾಗಿದೆ. 1500ರಲ್ಲಿ ಪೋರ್ಚುಗೀಸ್ ನಾವಿಕ ಕಬ್ರಾಲ್ ಇಲ್ಲಿಗೆ ಬಂದನು. ಕಲ್ಲಿಕೋಟೆಯ ಸಾಮೂದಿರಿಯೊಡನೆ ವೈರವಿದ್ದ ಕೊಚ್ಚಿಯ ರಾಜನು ಪೋರ್ಚುಗೀಸರಿಗೆ ಆಶ್ರಯ ನೀಡಿದನು. 1503ರಲ್ಲಿ ಅವರು ಇಲ್ಲಿ ಇಮ್ಯಾನುಯೆಲ್ ಕೋಟೆಯನ್ನು ಕಟ್ಟಿದರು. ಊರಿನ ಹೆಸರಿನಲ್ಲಿರುವ ‘ಫೋರ್ಟ್’ ಎಂಬ ಪದವು ಈ ಕೋಟೆಯನ್ನು ಸೂಚಿಸುತ್ತದೆ. 1663ರಲ್ಲಿ ಡಚ್ಚರು, 1795ರಲ್ಲಿ ಬ್ರಿಟಿಷರು ಪಟ್ಟಣವನ್ನು ವಶಪಡಿಸಿಕೊಂಡರು. ಕೋಟೆಗೋಡೆಯ ಬಹುಭಾಗವು 19ನೆಯ ಶತಮಾನದ ಆರಂಭದಲ್ಲಿ ನಾಶವಾಯಿತು. ಈಗ ಅಲ್ಪ ಅವಶೇಷಗಳು ಮಾತ್ರ ಉಳಿದಿವೆ. 1967ರಲ್ಲಿ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ ಮತ್ತು ಎರ್ನಾಕುಲಂ ಪುರಸಭೆಗಳನ್ನು ಸೇರಿಸಿ ಕೊಚ್ಚಿ ಮಹಾನಗರಪಾಲಿಕೆಯನ್ನು ರಚಿಸಲಾಯಿತು.

ನಡಿಗೆಯ ಪ್ರಮುಖ ಸ್ಥಳಗಳು

ಚೀನೀ ಬಲೆಗಳು: ನಡಿಗೆಯನ್ನು ಸಾಮಾನ್ಯವಾಗಿ ಬಿಸಿಲು ಏರುವ ಮೊದಲು, ಕಡಲ ದಂಡೆಯಲ್ಲಿರುವ ಚೀನೀ ಬಲೆಗಳ ಬಳಿ ಆರಂಭಿಸಲಾಗುತ್ತದೆ. ಮಲಯಾಳದಲ್ಲಿ ಇವುಗಳಿಗೆ ‘ಚೀನವಲ’ ಎಂದು ಹೆಸರು. ಮರದ ಚೌಕಟ್ಟಿನ ಒಂದು ತುದಿಯಲ್ಲಿ ಅಗಲವಾದ ಬಲೆಯೂ ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿದ ಭಾರವಾದ ಕಲ್ಲುಗಳೂ ಇರುತ್ತವೆ. ಕಲ್ಲುಗಳ ತೂಕದ ನೆರವಿನಿಂದ ನಾಲ್ಕಾರು ಜನರು ಹಗ್ಗ ಎಳೆದು ಬಲೆಯನ್ನು ನೀರಿನಿಂದ ಮೇಲೆತ್ತುತ್ತಾರೆ. ಇವನ್ನು ಚೀನೀ ವರ್ತಕರು ತಂದರೆಂಬುದು ಪ್ರಚಲಿತ ಕಥೆ. ಪೋರ್ಚುಗೀಸರ ಮೂಲಕ ಮಕಾವ್‌ನಿಂದ ಬಂದವೆಂಬ ಅಭಿಪ್ರಾಯವೂ ಇದೆ.

ಸಂತ ಫ್ರಾನ್ಸಿಸ್ ಚರ್ಚ್: ಮೊದಲು ಮರದಿಂದ ಕಟ್ಟಲಾಗಿದ್ದ ಈ ಚರ್ಚ್ 1516ರ ಸುಮಾರಿಗೆ ಪುನರ್ನಿರ್ಮಾಣಗೊಂಡಿತು. 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲಿ ಸಮಾಧಿ ಮಾಡಲಾಗಿತ್ತು. ಮುಂದೆ ಅವನ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ಯಲಾಯಿತಾದರೂ ಸಮಾಧಿಯ ಸ್ಥಳವನ್ನು ಈಗಲೂ ನೋಡಬಹುದು. ಕ್ಯಾಥೊಲಿಕ್ ಚರ್ಚಾಗಿದ್ದ ಇದು ಡಚ್ಚರ ಕಾಲದಲ್ಲಿ ಪ್ರಾಟೆಸ್ಟಂಟ್, ಬ್ರಿಟಿಷರ ಕಾಲದಲ್ಲಿ ಆಂಗ್ಲಿಕನ್ ಪಂಥಕ್ಕೆ ಸೇರಿತು. ಗೋಡೆಗಳಲ್ಲಿ ಹಳೆಯ ಸಮಾಧಿಕಲ್ಲುಗಳೂ, ಮೇಲೆ ಹಗ್ಗದಿಂದ ಎಳೆಯುವ ಬಟ್ಟೆಯ ಬೀಸಣಿಗೆಗಳೂ ಇವೆ.

ಪರೇಡ್ ಮೈದಾನ ಮತ್ತು ಡಚ್ ಸ್ಮಶಾನ: ಮೂರೂ ಆಳ್ವಿಕೆಗಳ ಸೈನಿಕರು ಕವಾಯತು ನಡೆಸಿದ ಮೈದಾನದಲ್ಲಿ ಇಂದು ಊರಿನ ಹುಡುಗರು ಆಟವಾಡುತ್ತಾರೆ. ಕಡಲಿನ ಸಮೀಪದಲ್ಲಿರುವ ಡಚ್ ಸ್ಮಶಾನವು 1724ರ ಕಾಲದ್ದು.

ಸಾಂತಾಕ್ರೂಸ್ ಬೆಸಿಲಿಕಾ: ಪೋರ್ಚುಗೀಸರ ಮೂಲ ಕೆಥೆಡ್ರಲನ್ನು ಡಚ್ಚರು ಕೆಡವದೆ ಆಯುಧಾಗಾರವಾಗಿ ಬಳಸಿದರು, ಬ್ರಿಟಿಷರು 1795ರಲ್ಲಿ ಕೆಡವಿದರು. ಅದರ ಒಂದು ಕಲ್ಲಿನ ಕಂಬ ಆವರಣದಲ್ಲಿ ಉಳಿದಿದೆ. ಈಗಿನ ಕಟ್ಟಡವು 1905ರಲ್ಲಿ ಪ್ರತಿಷ್ಠಾಪನೆಗೊಂಡಿತು. ಇದರ ಒಳಾಂಗಣ ಚಿತ್ರಗಳಿಗೆ ಕರ್ನಾಟಕದೊಂದಿಗೆ ನಂಟಿದೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದ ಚಿತ್ರಗಳನ್ನು ರಚಿಸಿದ ಇಟಲಿಯ ಜೆಸ್ಯೂಟ್ ಕಲಾವಿದ ಆಂಟೋನಿಯೋ ಮೊಸ್ಕೇನಿ ಅವರೇ ಇಲ್ಲಿಯೂ ಚಿತ್ರಿಸಿದರು. ಪ್ರತಿಷ್ಠಾಪನೆಗೆ ಕೆಲವೇ ದಿನಗಳ ಮುನ್ನ ಅವರು ಕೊಚ್ಚಿಯಲ್ಲಿ ನಿಧನರಾದರು.

ಮಟ್ಟಾಂಚೇರಿ

ದೀರ್ಘ ನಡಿಗೆಗಳು ಸಾಂಬಾರ ಪದಾರ್ಥಗಳ ಹಳೆಯ ಗೋದಾಮುಗಳಿರುವ ಬಜಾರ್ ರಸ್ತೆಯ ಮೂಲಕ ನೆರೆಯ ಮಟ್ಟಾಂಚೇರಿಯವರೆಗೆ ಸಾಗುತ್ತವೆ. ಇಲ್ಲಿನ ‘ಡಚ್ ಅರಮನೆ’ಯನ್ನು ನಿಜವಾಗಿ ಕಟ್ಟಿದವರು ಪೋರ್ಚುಗೀಸರು. 16ನೆಯ ಶತಮಾನದ ಮಧ್ಯಭಾಗದಲ್ಲಿ ಅವರು ಇದನ್ನು ಕೊಚ್ಚಿಯ ರಾಜನಿಗೆ ಕಾಣಿಕೆಯಾಗಿ ಕೊಟ್ಟರು. ಡಚ್ಚರು ಮುಂದೆ ದುರಸ್ತಿ ಮಾಡಿಸಿದ್ದರಿಂದ ಅವರ ಹೆಸರು ಉಳಿದುಕೊಂಡಿತು. ಒಳಗಿನ ರಾಮಾಯಣದ ಭಿತ್ತಿಚಿತ್ರಗಳು ಪ್ರಸಿದ್ಧವಾಗಿವೆ.

ಸಮೀಪದ ಪರದೇಶಿ ಸಿನಗಾಗ್ 1568ರಲ್ಲಿ ನಿರ್ಮಾಣವಾಯಿತು. ನೆಲಕ್ಕೆ ಕೈಯಿಂದ ಚಿತ್ರಿಸಿದ ಚೀನೀ ಬಿಲ್ಲೆಗಳನ್ನು ಹಾಸಲಾಗಿದೆ. ಗಡಿಯಾರ ಗೋಪುರವು 1760ರಲ್ಲಿ ಸೇರ್ಪಡೆಯಾಯಿತು. ಶನಿವಾರ ಯೆಹೂದಿಗಳ ಸಬ್ಬತ್ ದಿನವಾದುದರಿಂದ ಸಂದರ್ಶಕರಿಗೆ ಪ್ರವೇಶವಿಲ್ಲ.

ಸಮುದಾಯಗಳು

ಗೋವೆಯಿಂದ ವಲಸೆ ಬಂದ ಕೊಂಕಣಿ ಭಾಷಿಕ ಗೌಡ ಸಾರಸ್ವತರು ತಿರುಮಲ ದೇವಸ್ಥಾನದ ಸುತ್ತ ನೆಲೆಸಿದ್ದಾರೆ. ಕರ್ನಾಟಕದ ಕರಾವಳಿಯಲ್ಲಿಯೂ ಇದೇ ಸಮುದಾಯದವರು ನೆಲೆಸಿದ್ದಾರೆ. ಸೈನಿಕರ ಸಮವಸ್ತ್ರ ಒಗೆಯಲು ಡಚ್ಚರು ಕರೆತಂದರೆನ್ನಲಾದ ತಮಿಳು ಮಡಿವಾಳರ ವಂಶಸ್ಥರು ಧೋಬಿಖಾನೆಯಲ್ಲಿ ಇಂದಿಗೂ ಕಸುಬನ್ನು ಮುಂದುವರಿಸಿದ್ದಾರೆ. ಗುಜರಾತಿ ವರ್ತಕ ಕುಟುಂಬಗಳೂ ಇಲ್ಲಿವೆ. ಆದರೆ 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ನಂತರ ಯೆಹೂದಿಗಳಲ್ಲಿ ಬಹುತೇಕರು ಅಲ್ಲಿಗೆ ತೆರಳಿದರು. ‘ಜ್ಯೂ ಟೌನ್’ ಎಂಬ ಹೆಸರು ಉಳಿದಿದೆಯಾದರೂ ಅಲ್ಲಿನ ಅನೇಕ ಮನೆಗಳು ಈಗ ಕರಕುಶಲ ವಸ್ತುಗಳ ಹಾಗೂ ಹಳೆಯ ಸಾಮಾನುಗಳ ಅಂಗಡಿಗಳಾಗಿವೆ.

ಸಂರಕ್ಷಣೆ ಮತ್ತು ಸವಾಲುಗಳು

2012ರಲ್ಲಿ ಆರಂಭವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಕಲಾಪ್ರದರ್ಶನವು ಆಸ್ಪಿನ್‌ವಾಲ್ ಹೌಸ್‌ನಂತಹ ಹಳೆಯ ವ್ಯಾಪಾರಿ ಕಟ್ಟಡಗಳಿಗೆ ಹೊಸ ಬಳಕೆ ಒದಗಿಸಿತು. ಇನ್ನೊಂದೆಡೆ ಕಡಲ್ಕೊರೆತದಿಂದ ಮರಳ ದಂಡೆ ಕಿರಿದಾಗುತ್ತಿದೆ. ಚೀನೀ ಬಲೆಗಳ ಸಂಖ್ಯೆಯೂ ಇಳಿಯುತ್ತ ಬಂದಿದೆ. ಮೀನಿನ ಇಳುವರಿ ಕುಸಿದಿರುವುದು, ಜಲಕಳೆ ಹಾಗೂ ಕಸ ಬಲೆಗೆ ಸಿಲುಕುವುದು, ಮರಮಟ್ಟುಗಳ ದುರಸ್ತಿ ವೆಚ್ಚ ಏರಿರುವುದು ಇದಕ್ಕೆ ಕಾರಣಗಳು. ಬಲೆಗಳು ಇಂದಿಗೂ ಮೀನುಗಾರರ ಜೀವನೋಪಾಯವಾಗಿವೆ. ಎಳೆಯುವವರಿಗೆ ಗಿಟ್ಟದೆ ಹೋದರೆ ಈ ಕಸುಬು ನಿಂತುಹೋಗುತ್ತದೆ. ಆದುದರಿಂದ ಇಲ್ಲಿನ ಸಂರಕ್ಷಣೆಯ ಪ್ರಶ್ನೆಯು ಕಟ್ಟಡಗಳಿಗಷ್ಟೇ ಸೀಮಿತವಾಗಿರದೆ, ನಿವಾಸಿಗಳ ಬದುಕು ಮತ್ತು ಕಸುಬುಗಳಿಗೂ ಸಂಬಂಧಿಸಿದೆ.