ಫಲಾಪೇಕ್ಷೆಯ ಪ್ರೀತಿ: ಮೈಸೂರು ಸೀಮೆಯ ಕ್ರೈಸ್ತರ ಇತಿಹಾಸದಲ್ಲಿ ಒಂದು ಹಳೆಯ ವಿವಾದ

ದೇವರನ್ನು ಪ್ರೀತಿಸುವವನು ಆ ಪ್ರೀತಿಯಿಂದ ತನಗೂ ಏನಾದರೂ ದೊರೆಯಲೆಂದು ಬಯಸಿದರೆ ಅದನ್ನು ಪ್ರೀತಿಯೆನ್ನಬಹುದೆ, ಅಥವಾ ವ್ಯಾಪಾರವೆನ್ನಬೇಕೆ ಎಂಬ ಪ್ರಶ್ನೆ ಯೂರೋಪಿನ ಮಠಗಳಲ್ಲಿ ಶತಮಾನಗಳ ಕಾಲ ವಿಚಾರಕ್ಕೊಳಗಾಗಿ, ಕಡೆಗೆ ನಮ್ಮ ನಾಡಿಗೆ ಬಂದಾಗ, ಹಸಿದು ಬಂದವನ ಭಕ್ತಿ ಭಕ್ತಿಯೇ ಅಲ್ಲವೆ ಎಂಬ ಕಠೋರವಾದ ರೂಪವನ್ನು ತಾಳಿತು.

12ನೆಯ ಶತಮಾನದಲ್ಲಿ ಕ್ಲೇರ್ವೋ ಮಠದ ಅಧಿಪತಿಯಾಗಿದ್ದ ಸಂತ ಬರ್ನಾರ್ಡನು ದೇವಪ್ರೇಮವನ್ನು ಕುರಿತು ಬರೆದ ಗ್ರಂಥದಲ್ಲಿ ನಾಲ್ಕು ಸೋಪಾನಗಳನ್ನು ಹೇಳಿದ್ದಾನೆ. ಮನುಷ್ಯನು ಮೊದಲು ತನಗಾಗಿ ತನ್ನನ್ನೇ ಪ್ರೀತಿಸುತ್ತಾನೆ; ಬಳಿಕ ತನ್ನ ಹಿತಕ್ಕಾಗಿ ದೇವರನ್ನು; ಅನಂತರ ದೇವರಿಗಾಗಿಯೇ ದೇವರನ್ನು; ಕಟ್ಟಕಡೆಗೆ, ಇಹದಲ್ಲಿ ಅತ್ಯಂತ ದುರ್ಲಭವಾದ ನಾಲ್ಕನೆಯ ಮೆಟ್ಟಿಲಲ್ಲಿ, ತನ್ನನ್ನೂ ದೇವರಿಗಾಗಿಯೇ. ಎರಡನೆಯ ಮೆಟ್ಟಿಲನ್ನು ಬರ್ನಾರ್ಡನು ವಂಚನೆಯೆಂದು ತಳ್ಳಿಹಾಕಲಿಲ್ಲವೆಂಬುದೇ ಇಲ್ಲಿ ಮುಖ್ಯ. ಕಷ್ಟಗಳು ಮೇಲಿಂದ ಮೇಲೆ ಬಂದು, ಪ್ರತಿಸಲವೂ ದೇವರ ಮೊರೆಹೊಕ್ಕು ಪಾರಾದವನು ಕ್ರಮೇಣ ಪಾರುಮಾಡಿದಾತನ ಮಾಧುರ್ಯವನ್ನೇ ಸವಿಯತೊಡಗುತ್ತಾನೆಂದು ಅವನ ವಾದ. ಗೀತೆಯ ಏಳನೆಯ ಅಧ್ಯಾಯದಲ್ಲಿ ಆರ್ತನನ್ನೂ ಅರ್ಥಾರ್ಥಿಯನ್ನೂ ಜಿಜ್ಞಾಸುವನ್ನೂ ಜ್ಞಾನಿಯೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಿ, ಜ್ಞಾನಿಗೆ ವಿಶೇಷ ಸ್ಥಾನವನ್ನಿತ್ತರೂ ಎಲ್ಲರನ್ನೂ ಉದಾರರೆಂದು ಕರೆದಿರುವುದನ್ನು ಬಲ್ಲ ಕನ್ನಡಿಗನಿಗೆ ಈ ವಾದವು ಅಪರಿಚಿತವೆನಿಸಲಾರದು.

ಇದಕ್ಕೆ ಪ್ರತಿಯಾದ ಕಟ್ಟುನಿಟ್ಟಿನ ಮತವೊಂದು ಫ್ರಾನ್ಸಿನಲ್ಲಿ ಪ್ರಬಲಿಸಿತು. ಕಾಂಬ್ರೆಯ ಆರ್ಚ್‌ಬಿಷಪ್ ಫೆನೆಲೋನನು 1697ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪ್ರೀತಿಯನ್ನು ಐದು ಬಗೆಯಾಗಿ ವಿಂಗಡಿಸಿ, ಸ್ವರ್ಗದ ಆಸೆಯನ್ನೂ ನರಕದ ಭಯವನ್ನೂ ಕಳೆದುಕೊಂಡ ಶುದ್ಧಪ್ರೇಮವನ್ನು ಎಲ್ಲಕ್ಕೂ ಮೇಲಿರಿಸಿದನು. ತನ್ನ ಶ್ರೇಯಸ್ಸಿನ ಬಯಕೆಯನ್ನು ಜೀವವು ಬಿಡಲಾರದೆಂದು ಫ್ರಾನ್ಸಿನ ಮತ್ತೊಬ್ಬ ಬಿಷಪ್ ಬೊಸ್ಸುಯೆ ಎದುರಾಡಿದನು. 1699ರಲ್ಲಿ ಪೋಪರು ಫೆನೆಲೋನನ 23 ವಾಕ್ಯಗಳನ್ನು ಖಂಡಿಸಿದರು, ಆತನು ತಲೆಬಾಗಿದನು.

ನಮ್ಮ ನಾಡಿನ ಮಟ್ಟಿಗೆ ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತಿದವನು ಪ್ಯಾರಿಸ್ ಮಿಷನ್ನಿನ ಆಬೆ ದುಬುವಾ. 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ನೆಲಸಿದ ಈತನು, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ ತನ್ನ ಶ್ರಮದ ಲೆಕ್ಕವನ್ನು ನಿರ್ದಾಕ್ಷಿಣ್ಯವಾಗಿ ಒಪ್ಪಿಸಿದ್ದಾನೆ: 25 ವರ್ಷಗಳಲ್ಲಿ ತನ್ನಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ, ಅವರಲ್ಲಿ ಮೂರರಲ್ಲೆರಡು ಪಾಲು ಹೊಲೆಯರು ಅಥವಾ ಭಿಕ್ಷುಕರು, ಮಿಕ್ಕವರು ಕುಲದಿಂದ ಹೊರಬಿದ್ದು, ಮದುವೆಗೋ ಮತ್ತಾವ ಲಾಭಕ್ಕೋ ಹೊಸ ನಂಟನ್ನರಸಿ ಬಂದವರು. ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೆ ತೀರ್ಪನ್ನು ಒಪ್ಪಲಾರೆ. ತಿರಸ್ಕೃತನೊಬ್ಬನು ಸಮಾನನಾಗಿ ಬಾಳಲು ಬಯಸಿದ್ದನ್ನು ಬರಿಯ ಸ್ವಾರ್ಥವೆಂದು ಎಣಿಸುವುದು, ಬರ್ನಾರ್ಡನ ಎರಡನೆಯ ಮೆಟ್ಟಿಲಲ್ಲಿ ನಿಂತವನನ್ನು ಮೂರನೆಯದರಲ್ಲಿಲ್ಲವೆಂದು ದೂರಿದಂತೆ. ದುಬುವಾನ ನಡತೆಯಾದರೂ ಅವನ ಲೇಖನಿಗಿಂತ ಉದಾರವಾಗಿತ್ತು: ಹಾಸನದ ಬಳಿಯ ಸಾತಹಳ್ಳಿಯಲ್ಲಿ ನಿರ್ಗತಿಕರಿಗೆ ಒಕ್ಕಲುತನದ ನೆಲೆ ಕಲ್ಪಿಸಿದ, ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯಕ್ಕೆ ಹೆಗಲುಕೊಟ್ಟ ಈತನನ್ನು ಜನ ದೊಡ್ಡಸ್ವಾಮಿಯವರೆಂದು ಕರೆದರು.

ಅರ್ಧಶತಮಾನದ ಮೇಲೆ ಇದೇ ಪ್ರಶ್ನೆ ನೆಲಮಂಗಲದ ಸೀಮೆಯಲ್ಲಿ ಮರುಕಳಿಸಿತು. 1876–78ರ ಧಾತು ಈಶ್ವರ ಸಂವತ್ಸರಗಳ ಬರವು ಎಷ್ಟು ಭೀಕರವಾಗಿತ್ತೆಂದರೆ, 1871ರಲ್ಲಿ 50 ಲಕ್ಷ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಅದೇ ಪ್ಯಾರಿಸ್ ಮಿಷನ್ನಿನವರು ನೆಲಮಂಗಲಕ್ಕೆ ಅನತಿದೂರದ ಶಿಲುವೆಪುರದಲ್ಲಿ ಬೇಸಾಯದ ಊರೊಂದನ್ನು ನೆಲೆಗೊಳಿಸಿದರು. ಗಂಜಿಗಾಗಿ ಬಂದ ಮಗುವಿಗೆ ಜ್ಞಾನಸ್ನಾನವಾದರೆ ಅದರಲ್ಲಿ ವಿಶ್ವಾಸವೆಷ್ಟು, ಹಸಿವೆಷ್ಟು ಎಂದು ಅಳೆಯಹೊರಡುವ ಇತಿಹಾಸಕಾರನು ತಪ್ಪಾದ ಸ್ಥಳದಲ್ಲಿ ಸಾಕ್ಷ್ಯವನ್ನು ಹುಡುಕುತ್ತಿದ್ದಾನೆ. ದೊರೆತ ನೆಲವನ್ನು ಉತ್ತು, ಮದುವೆಯಾಗಿ, ತಮ್ಮ ಮಕ್ಕಳನ್ನು ತಾವಾಗಿಯೇ ಗುಡಿಗೆ ಕರೆದೊಯ್ದ ಮುಂದಿನ ತಲೆಮಾರಿನವರ ನಡೆಯನ್ನು ಅವನು ನೋಡಬೇಕು. ಅವರನ್ನು ಗುಡಿಗೆ ಒಯ್ಯಲು ಬರವಿರಲಿಲ್ಲ.